ಹೆಜ್ಜೆ ಇದ್ದಲ್ಲೇ ಹೆಜ್ಜೆ

ನಮ್ಮ ಬಯಲಿಗೆ ಬರುವವರು ಗೇಟಿನಲ್ಲಿ ಚಪ್ಪಲಿ ಬಿಡಬೇಕು. ಬಿಟ್ಟು, ಎದುರಿಗೆ ಕಾಣುವ ಮೊದಲ ಹೆಜ್ಜೆಗುರುತಿನಲ್ಲಿ ಬಲಗಾಲಿಡಬೇಕು. ಆಮೇಲೆ ಎರಡನೆಯದರಲ್ಲಿ ಎಡಗಾಲು. ಹೀಗೇ ಹೋಗುತ್ತಿರಬೇಕು. ಗುರುತು ಬಿಟ್ಟು ಆಚೆ ಕಾಲಿಟ್ಟಿರೋ, ನನ್ನ ಬಾಯಿಗೆ ಸಿಕ್ಕಿರಿ ಅಂತಲೇ ಅರ್ಥ. ನನ್ನ ಬಾಯಿ ಎಂಥದ್ದು ಅಂತ ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಮಂಗಳಮ್ಮನ ಹೆಸರು ಹೇಳಿದರೆ ಸಾಕು.

ಈ ಮೂವತ್ತೆರಡು ಎಕರೆಯಲ್ಲಿ ಮನುಷ್ಯರ ಹೆಜ್ಜೆ ಬಿದ್ದರೆ, ಕೈಯೂರಿದರೂ ಕೂತರೂ ಅಷ್ಟೇ, ಒಂದು ವರ್ಷ ಅಳಿಯುವುದಿಲ್ಲ. ಮಳೆ ಹುಯ್ಯಲಿ, ಗಾಳಿ ಬೀಸಲಿ, ಹಾಗೇ ಇರುತ್ತದೆ. ಅದರೊಳಗೆ ಒಂದು ಗರಿಕೆಯೂ ಹುಟ್ಟುವುದಿಲ್ಲ. ವರ್ಷ ತುಂಬಿದ ದಿನ ತಾನಾಗಿಯೇ ಮುಚ್ಚಿಕೊಂಡು ಹುಲ್ಲು ತಲೆಯೆತ್ತುತ್ತದೆ. ಅಷ್ಟರೊಳಗೆ ಯಾರಾದರೂ ಅದೇ ಗುರುತಿನಲ್ಲಿ ಕಾಲಿಟ್ಟರೆ ಅದಕ್ಕೆ ಇನ್ನೊಂದು ವರ್ಷ ಆಯಸ್ಸು, ಆಕಾರ ಮಾತ್ರ ಮೊದಲು ಇಟ್ಟವರದ್ದೇ. ಮೊಲದ್ದು, ನರಿಯದ್ದು, ಹಕ್ಕಿಗಳದ್ದು ಎಲ್ಲ ಕಡೆಯ ಹಾಗೆ ಎರಡು ದಿನಕ್ಕೆ ಮಾಯವಾಗುತ್ತವೆ. ನಿಲ್ಲುವುದು ನಮ್ಮದು ಮಾತ್ರ.

ಹಾಗಾಗಿ ನಮ್ಮಲ್ಲಿ ದಾರಿ ಅಂದರೆ ಸತ್ತವರ ಹೆಜ್ಜೆ. ಗೇಟಿನಿಂದ ಬಂಡೆಯವರೆಗೆ ಹೋಗುವುದು ನಮ್ಮ ಯಜಮಾನರ ತಾತನದ್ದು. ಬೆಳಿಗ್ಗೆ ವಾಕಿಂಗಿಗೆ ಬರುವವರೆಲ್ಲ ಅದರಲ್ಲೇ ನಡೆಯುತ್ತಾರೆ. ತಾತ ಆರಡಿ ಆಳು, ಉದ್ದುದ್ದ ಹೆಜ್ಜೆ ಹಾಕುತ್ತಿದ್ದರಂತೆ. ನಮ್ಮ ಊರಿನ ಕುಳ್ಳರು ಅಲ್ಲಿ ನೆಗೆದು ನೆಗೆದು ನಡೆಯುವುದನ್ನು ನೋಡಿದರೆ ಹೊಸಬರಿಗೆ ನಗು ತಡೆಯುವುದಿಲ್ಲ. ಹೊಂಡಕ್ಕೆ ಹೋಗುವ ದಾರಿ, ಹಿಂದೆ ದಿನಾ ಅಲ್ಲಿಂದ ನೀರು ಹೊರುತ್ತಿದ್ದ ನಿಂಗಜ್ಜಿಯದು. ಆಕೆಯ ಎಡಗಾಲಿಗೆ ಆರು ಬೆರಳು, ಹೆಜ್ಜೆ ಚಿಕ್ಕದು, ಆದ್ದರಿಂದ ಶಾಲೆ ಮಕ್ಕಳಿಗೆ ಅದೇ ದಾರಿ. ದೊಡ್ಡ ಪಾದದವರು ಅಲ್ಲಿ ಬೆರಳು ಮಡಚಿಕೊಂಡು ಹೋಗಬೇಕು. ಗೇಟಿನ ಪಕ್ಕ ಅರ್ಧ ಎಕರೆಯಷ್ಟು ಮಾತ್ರ ಆಟಕ್ಕೆ ಬಿಟ್ಟಿದ್ದೇವೆ. ಅಲ್ಲಿ ಕಬಡ್ಡಿ, ವಾಲಿಬಾಲ್, ಏನು ಬೇಕಾದರೂ ಆಡಿಕೊಳ್ಳಲಿ, ಅಲ್ಲಿ ಹುಲ್ಲಿನ ಆಸೆಯನ್ನು ನಾವು ಯಾವತ್ತೋ ಬಿಟ್ಟಿದ್ದೇವೆ. ಮಿಕ್ಕಿದ್ದೆಲ್ಲ ಹುಲ್ಲಿಗೆ, ಹುಲ್ಲಲ್ಲಿ ಮೊಟ್ಟೆ ಇಡುವ ಟಿಟ್ಟಿಭ ಹಕ್ಕಿಗೆ.

ಜಮೀನು ನಮ್ಮದೇ ಪಟ್ಟಾ. ಬೇಲಿ ಹಾಕಿ ಬೀಗ ಜಡಿದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ತಾತ ಬೀಗ ಹಾಕಲಿಲ್ಲ, ಮಾವ ಹಾಕಲಿಲ್ಲ, ನಮ್ಮ ಯಜಮಾನರಂತೂ ಗೇಟಿಗೆ ಬೀಗದ ಕೊಂಡಿಯನ್ನೇ ಇಡಿಸಲಿಲ್ಲ. ಬೀಗದ ಬದಲು ಅವರೇ ಇದ್ದರಲ್ಲ! ಊರವರು ಅವರನ್ನು ಭದ್ರಯ್ಯ ಅನ್ನುತ್ತಿದ್ದರು, ಬಯಲನ್ನು ಭದ್ರಯ್ಯನ ಬಯಲು. ಅಂಥ ಕಟ್ಟುನಿಟ್ಟಿನ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಇನ್ನೂ ವಾರ ಕಳೆದಿರಲಿಲ್ಲ, ಒಂದು ಕಾರೆಹಣ್ಣಿನ ಆಸೆಗೆ ತಾತನ ದಾರಿ ಬಿಟ್ಟು ಒಂದೇ ಒಂದು ಹೆಜ್ಜೆ ಆಚೆ ಇಟ್ಟಿದ್ದೆ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ ಆ ಪುಣ್ಯಾತ್ಮ. ಆ ಹೆಜ್ಜೆ ಒಂದು ವರ್ಷ ಅಲ್ಲೇ ಇತ್ತು. ಬಂದವರೆಲ್ಲ ನೋಡಿ, "ಹೊಸ ಸೊಸೆಗೆ ಹಣ್ಣಿನ ಚಪಲ" ಅಂತ ನಕ್ಕಿದ್ದೇ ನಕ್ಕಿದ್ದು. ನಲವತ್ತು ವರ್ಷ ಸಂಸಾರ ಮಾಡಿದೆ, ಮತ್ತೆ ಇನ್ನೊಂದು ಸಲ ಕಾಲು ಆಚೆ ಇಡಲಿಲ್ಲ.

ಅಂಥವರು, ಹೋದ ವರ್ಷ ಆಷಾಢದಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ನಾನು ಊಟ ಮಾಡಿ ಮಲಗಿದ್ದಾಗ ಬಯಲಿಗೆ ಹೋಗಿ ಬಂದರು. ಬುಧವಾರ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಕಾಫಿ ಚೆಲ್ಲಲೂ ಇಲ್ಲ. ಒಳ್ಳೆ ಸಾವು ಅಂದರು ಎಲ್ಲರೂ. ಹೌದು, ಅವರಿಗೆ ಒಳ್ಳೆಯದೇ.

ತಿಥಿ ಮುಗಿಯುವವರೆಗೆ ಯಾರೂ ಗೇಟು ದಾಟಿರಲಿಲ್ಲ. ಎಲ್ಲ ಮುಗಿಸಿ ನಾನು ಬಯಲಿಗೆ ಹೋದಾಗ ನೋಡುತ್ತೇನೆ, ನಿಂಗಜ್ಜಿಯ ದಾರಿಯಿಂದ ಎಡಕ್ಕೆ, ಯಾರೂ ಕಾಲಿಡದ ಹುಲ್ಲಿನೊಳಗೆ, ಹೆಜ್ಜೆಗಳು! ಸಾಲಾಗಿ, ದಿಬ್ಬದವರೆಗೆ, ದಿಬ್ಬದಾಚೆ ಎಲ್ಲಿಗೋ. ಎಡಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗಿತ್ತು. ನಲವತ್ತು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದ ಕೈ ನನ್ನದು, ಗುರುತು ಸಿಗದೆ ಇರುತ್ತದೆಯೇ? ಅವರು ಹೋಗಿ ಬಂದ ಹಿಂದಿನ ದಿನ, ಸೋಮವಾರ, ನಾನೇ ಆ ಕಡೆ ಸುತ್ತು ಹಾಕಿದ್ದೆ, ಆಗ ಇರಲಿಲ್ಲ. ಕಣ್ಣಿಗೆ ಕಂಡದ್ದು ಮೂವತ್ತೇಳು. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಕೊನೇ ದಿನ ತಾನೇ ನಿಯಮ ಮುರಿದು ಹೋಗಿದ್ದರು.

ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟೇ ಬಂದದ್ದು, ಸುಳ್ಳು ಯಾಕೆ ಹೇಳಲಿ? ಆಮೇಲೆ ಹೆದರಿಕೆ ಆಯಿತು. ಜನ ಇದನ್ನು ನೋಡಿದರೆ ಮುಗಿಯಿತು. ಭದ್ರಯ್ಯನೇ ಆಚೆ ಕಾಲಿಟ್ಟ ಮೇಲೆ ನಮಗೇನು ಅಂತ ಒಬ್ಬ ಇಳಿದರೆ ಇನ್ನೊಬ್ಬ ಇಳಿಯುತ್ತಾನೆ, ಎರಡು ವರ್ಷದಲ್ಲಿ ಬಯಲು ಬೋಳಾಗುತ್ತದೆ. ಅದಕ್ಕೆ ಅವತ್ತೇ ಜಾಲಿಮುಳ್ಳು ಕಡಿಸಿ ತಂದು ಹೆಜ್ಜೆ ಕಾಣದ ಹಾಗೆ ಅಡ್ಡ ಹಾಕಿದೆ. ಟಿಟ್ಟಿಭ ಗೂಡು ಮಾಡಿದೆ, ಯಾರೂ ಈ ಕಡೆ ತಲೆ ಹಾಕಬೇಡಿ ಅಂದೆ. ಪೂರಾ ಸುಳ್ಳೂ ಅಲ್ಲ, ಎಲ್ಲೋ ಒಂದು ಕಡೆ ಮಾಡೇ ಇರುತ್ತದೆ. ವರ್ಷ ತುಂಬಿದರೆ ತಾನಾಗಿ ಅಳಿಯುತ್ತದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರಾಯಿತು ಅಂದುಕೊಂಡೆ.

ಆದರೆ ದಿನಾ ಆ ಮುಳ್ಳಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ದಿಬ್ಬದಾಚೆ ಏನಿದೆ ಅಂತ ನೋಡುವಂತಿಲ್ಲ. ಅವರ ಹೆಜ್ಜೆಯಲ್ಲಿ ಕಾಲಿಟ್ಟರೆ ತಪ್ಪಿಗೆ ಇನ್ನೊಂದು ವರ್ಷ ಆಯಸ್ಸು ಕೊಟ್ಟ ಹಾಗೆ. ಪಕ್ಕದಲ್ಲಿ ಇಟ್ಟರೆ ಹೊಸ ತಪ್ಪು. ಇಡದೆ ಇದ್ದರೆ ಅವರದ್ದು ಅಂತ ಉಳಿದ ಕೊನೆಯದೂ ಹೋಗುತ್ತದೆ. ಅಳಿದುಹೋಗಲಿ ಅಂತ ಬೆಳಿಗ್ಗೆ ಅಂದುಕೊಳ್ಳುವುದು, ಅಯ್ಯೋ ಬೇಡ ಅಂತ ಸಂಜೆ ಅಂದುಕೊಳ್ಳುವುದು. ಹೀಗೇ ವರ್ಷ ಕಳೆದು, ಒಂಬತ್ತು ದಿನ ಉಳಿಯಿತು.

ಈ ಮಧ್ಯೆ ಬುಡೇನ್ ಸಾಬರ ಕಾಟ ಬೇರೆ. ಅವರು ಗಾಳಿಪಟ ಕಟ್ಟುವವರು, ನಮ್ಮೂರಿಗೆ ಅವರೊಬ್ಬರೇ. ಊರೊಳಗೆ ಕರೆಂಟಿನ ತಂತಿ. ಗೇಟಿನ ಹತ್ತಿರ ಹಾರಿಸೋಣ ಅಂದರೆ ಅಲ್ಲಿ ಹುಣಿಸೆಮರ, ಏರಿದ ಪಟವೆಲ್ಲ ಅದರ ಪಾಲು. ಪ್ರತಿ ವರ್ಷ ಆಷಾಢ ಬಂತೆಂದರೆ ಬಂದು ಕೂರುತ್ತಾರೆ.

"ಅಕ್ಕಾ, ಒಂದೇ ಒಂದು ದಿನ ಕೊಡಿ. ಇಂಥಾ ಗಾಳಿ ಸುಮ್ನೆ ಹೋಗ್ತಾ ಇದೆ, ಹೊಟ್ಟೆ ಉರಿಯುತ್ತೆ."

"ಗಾಳಿಪಟ ಹಾರಿಸೋರು ನೆಲ ನೋಡ್ತಾರೇನ್ರೀ? ಆಕಾಶ ನೋಡ್ಕೊಂಡು ಎಲ್ಲೆಲ್ಲೋ ಕಾಲಿಡ್ತೀರ. ಆಗಲ್ಲ ಅಂದ್ರೆ ಆಗಲ್ಲ. ನಮ್ಮ ಯಜಮಾನ್ರು ಇದ್ದಿದ್ರೆ ಒಪ್ತಿದ್ರಾ?"

ಯಜಮಾನರ ಮಾತು ಎತ್ತಿದಾಗಲೆಲ್ಲ ಅವರು ನನ್ನ ಮುಖ ಒಂದು ಗಳಿಗೆ ನೋಡಿ, "ಆಯ್ತು ಬಿಡಿ ಅಕ್ಕಾ" ಅಂತ ಎದ್ದು ಹೋಗುತ್ತಿದ್ದರು. ಭದ್ರಯ್ಯನ ಹೆಂಡತಿಯ ಮಾತಿಗೆ ಮರ್ಯಾದೆ ಕೊಡುತ್ತಾರೆ ಅಂದುಕೊಂಡಿದ್ದೆ ನಾನು.

ಗುರುವಾರ ಶಾಲೆಯ ದಿನ. ಫಿಲೋಮಿನಾ ಟೀಚರು ನಾಲ್ಕನೇ ತರಗತಿಯ ಇಪ್ಪತ್ತಾರು ಮಕ್ಕಳನ್ನು ಕರೆದುಕೊಂಡು ಬಂದು ಹೊಂಡದವರೆಗೆ ಹೋಗುತ್ತಾರೆ. ಪುಸ್ತಕ ತರುವುದಿಲ್ಲ. ನೆಲ ಓದಿಸುತ್ತಾರೆ. ಇದು ಮೊಲ, ಇಲ್ಲಿ ನಿಂತು ಕಿವಿ ಕೊಟ್ಟಿದೆ. ಇದು ನರಿ, ಕುಂಟುತ್ತಿದೆ. ಇದು ನಿಂಗಜ್ಜಿ, ಇಲ್ಲಿ ತಲೆ ಮೇಲೆ ಕೊಡ ಇತ್ತು, ನೋಡಿ ಹಿಮ್ಮಡಿ ಎಷ್ಟು ಆಳ ಅಂತ. ಮಕ್ಕಳು ಎಷ್ಟು ಚುರುಕಾಗಿದ್ದರೆಂದರೆ, ಆಟದ ನೆಲದಲ್ಲಿ ನನ್ನ ಹೆಜ್ಜೆ ನೋಡಿ ಮಂಡಿ ನೋವನ್ನು ನನ್ನ ಡಾಕ್ಟರಿಗಿಂತ ಮೊದಲು ಹೇಳಿದ್ದು ಭಾಗೀರಥಿ ಅನ್ನುವ ಹುಡುಗಿ. ಸಾಲಿನ ಮುಂದೆ ಯಾವಾಗಲೂ ಅವಳೇ.

ಸಾಮಾನ್ಯವಾಗಿ ನಾನೂ ಜೊತೆಗೆ ಹೋಗುತ್ತೇನೆ. ಆ ಗುರುವಾರ ಹಿಂದಿನ ಬೀದಿಯಲ್ಲಿ ನಾಮಕರಣ ಇತ್ತು, ಹೋಗಿ ಹೋಳಿಗೆ ಊಟ ಮಾಡಿ ನಿಧಾನಕ್ಕೆ ಬಂದೆ. ಗೇಟಿನಲ್ಲಿ ಟೀಚರದ್ದೂ ಸೇರಿ ಇಪ್ಪತ್ತೇಳು ಜೊತೆ ಚಪ್ಪಲಿ ಇದ್ದವು. ನಿಂಗಜ್ಜಿಯ ದಾರಿಯಲ್ಲಿ ಒಬ್ಬರೂ ಇರಲಿಲ್ಲ. ಮುಂದೆ ಹೋದರೆ, ಹಿಂದಿನ ದಿನದ ಗಾಳಿಗೆ ಮುಳ್ಳಿನ ಕೊಂಬೆಗಳು ಉರುಳಿ ಪಕ್ಕಕ್ಕೆ ಬಿದ್ದಿದ್ದವು. ಅಷ್ಟರಲ್ಲಿ ದಿಬ್ಬದಾಚೆಯಿಂದ ಸಾಲು ಬಂತು. ಮುಂದೆ ಭಾಗೀರಥಿ, ಹಿಂದೆ ಇಪ್ಪತ್ತೈದು ಮಕ್ಕಳು, ಕೊನೆಯಲ್ಲಿ ಟೀಚರು, ಎಲ್ಲರೂ ಅಚ್ಚುಕಟ್ಟಾಗಿ ನಮ್ಮ ಯಜಮಾನರ ಹೆಜ್ಜೆಯಲ್ಲೇ ಕಾಲಿಟ್ಟುಕೊಂಡು ಬರುತ್ತಿದ್ದರು.

"ಯಾರ್ರೇ ನಿಮಗೆ ಅಲ್ಲಿಗೆ ಹೋಗೋಕೆ ಹೇಳಿದ್ದು?" ಅಂತ ಕಿರುಚಿದೆ. ಹಕ್ಕಿ ಮೊಟ್ಟೆ ಇಡುವ ಕಾಲದಲ್ಲಿ ಬಯಲಿನಲ್ಲಿ ದನಿ ಎತ್ತಬಾರದು ಅನ್ನುವುದು ನಮ್ಮ ಇನ್ನೊಂದು ನಿಯಮ. ಅದನ್ನು ಅವತ್ತು ಮುರಿದವಳು ನಾನೇ.

ಭಾಗೀರಥಿ ಬೆಪ್ಪಾಗಿ ನಿಂತಳು. "ಹೆಜ್ಜೆ ಇತ್ತಲ್ಲ ಅಜ್ಜಿ. ಹೆಜ್ಜೆ ಇದ್ದಲ್ಲಿ ಕಾಲಿಡಬೇಕು ಅಂತ ನೀವೇ ಹೇಳಿದ್ದು."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಟೀಚರು ಬೆವರುತ್ತಿದ್ದರು. "ಸಾರಿ ಮಂಗಳಮ್ಮ, ನಾನು ಹಿಂದೆ ಇದ್ದೆ. ಕೂಗಿ ಕರೆಯೋ ಹಾಗಿಲ್ವಲ್ಲ. ಪಕ್ಕದಲ್ಲಿ ಓಡಿ ಹೋಗಿ ಹಿಡಿಯೋ ಹಾಗೂ ಇಲ್ಲ. ಹಿಂದೆ ಹಿಂದೆ ಹೋಗೋದು ಬಿಟ್ಟು ನಂಗೆ ಬೇರೆ ದಾರಿ ಇರ್ಲಿಲ್ಲ."

ನಾನು ಅಲ್ಲೇ ಕುಕ್ಕರಿಸಿಬಿಟ್ಟೆ, ನಿಂಗಜ್ಜಿಯ ಎರಡು ಹೆಜ್ಜೆಗಳೊಳಗೆ ಕಾಲಿಟ್ಟು. ಒಂಬತ್ತು ದಿನ ಇದ್ದದ್ದು ಈಗ ಮತ್ತೆ ಒಂದು ವರ್ಷವಾಯಿತು. ಇನ್ನು ಮುಚ್ಚಿಡುವುದೆಂತು? ಇಪ್ಪತ್ತಾರು ಬಾಯಿ ಮನೆಗೆ ಹೋದ ಮೇಲೆ ಊರಿಗೆಲ್ಲ ತಿಳಿಯುತ್ತದೆ. ಅಳು ಬಂತು. ಅಳುತ್ತಿರುವಾಗಲೇ ಒಳಗೆಲ್ಲೋ ಒಂಥರಾ ಸಮಾಧಾನವೂ ಆಯಿತು. ಅಳಿಯುವುದಿಲ್ಲವಲ್ಲ, ಇನ್ನೂ ಒಂದು ವರ್ಷ ಇರುತ್ತದಲ್ಲ. ಅದನ್ನು ಯಾರಿಗೂ ತೋರಗೊಡಲಿಲ್ಲ.

ಭಾಗೀರಥಿ ನನ್ನ ಮುಂದಿನ ಹೆಜ್ಜೆಗೆ ಬಂದು ಕುಕ್ಕರುಗಾಲಲ್ಲಿ ಕೂತಳು. "ಅಜ್ಜಿ, ಅದು ಭದ್ರಜ್ಜಂದು ಅಲ್ವಾ? ಹೆಬ್ಬೆರಳು ನೋಡಿದ ತಕ್ಷಣ ಗೊತ್ತಾಯ್ತು."

"ಹೂಂ ಕಣೇ."

"ಅಜ್ಜ ಅಲ್ಲಿ ಏನ್ ಮಾಡಿದಾರೆ ಅಂತ ನಿಮಗೆ ಗೊತ್ತಾ?"

"ಇಲ್ಲ."

"ನೋಡೇ ಇಲ್ವಾ!" ಅವಳಿಗೆ ನಂಬಲಾಗಲಿಲ್ಲ. "ಏಳಿ ಅಜ್ಜಿ, ನಾನು ಓದಿ ಹೇಳ್ತೀನಿ."

ಎದ್ದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಅವರ ಮೊದಲ ಹೆಜ್ಜೆಯಲ್ಲಿ ಕಾಲಿಟ್ಟೆ. ನನ್ನ ಪಾದದ ಸುತ್ತ ಬೆರಳಗಲ ಜಾಗ ಉಳಿಯಿತು. ನೆಲ ಬೆಚ್ಚಗಿತ್ತು, ಇಪ್ಪತ್ತಾರು ಮಕ್ಕಳು ಆಗಷ್ಟೇ ತುಳಿದಿದ್ದರಲ್ಲ. ಮೂವತ್ತೇಳು ಎಣಿಸಿ ದಿಬ್ಬ ಹತ್ತಿ ಇಳಿದೆ. ಅಲ್ಲಿಂದಾಚೆ ನಾನು ಹೆಜ್ಜೆ ಹಾಕಿದ್ದು ಎಣಿಸಲಾಗದಂಥ ಗೋಜಲಿನಲ್ಲಿ.

"ಇಲ್ಲಿ ನಿಂತಿದಾರೆ, ತುಂಬಾ ಹೊತ್ತು. ಇಲ್ಲಿ ಓಡಿದಾರೆ, ಬೆರಳು ಮಾತ್ರ ಬಿದ್ದಿದೆ ನೋಡಿ. ಇಲ್ಲಿ ಗಕ್ಕನೆ ತಿರುಗಿದಾರೆ. ಇಲ್ಲಿ ಹಿಂದಿಂದಕ್ಕೆ ನಡೆದಿದಾರೆ, ಹಿಮ್ಮಡಿ ಎಳೆದಿರೋ ಗೆರೆ ಇದೆ. ಮತ್ತೆ ಓಟ. ಇಲ್ಲಿ..." ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ಕಿಸಕ್ಕನೆ ನಕ್ಕಳು. "ಇಲ್ಲಿ ಬಿದ್ದಿದಾರೆ ಅಜ್ಜಿ. ಕುಂಡೆ ಊರಿ."

ಹೌದು, ಎರಡು ಅಂಗೈ, ನಡುವೆ ಅಗಲವಾಗಿ ಕೂತ ಗುರುತು.

"ಮೊದಲು ನಂಗೂ ಗೊತ್ತಾಗ್ಲಿಲ್ಲ. ಆಮೇಲೆ ಯೋಚನೆ ಮಾಡಿದ್ವಿ. ನಿಲ್ಲೋದು, ಓಡೋದು, ತಿರುಗೋದು, ಹಿಂದಿಂದಕ್ಕೆ ಹೋಗೋದು. ಗಾಳಿಪಟ ಅಲ್ದೆ ಇನ್ನೇನ್ ಅಜ್ಜಿ?"

"ಥೂ, ಹೋಗೇ! ಅವರು ಗಾಳಿಪಟ ಹಾರಿಸ್ತಾರಾ?" ಅಂದೆ. ಅವಳು ಬೆರಳು ತೋರಿಸಿದಳು. ಪಕ್ಕದ ಜಾಲಿಗಿಡದಲ್ಲಿ ಬಾಲಂಗೋಚಿಯ ಬಟ್ಟೆಪಟ್ಟಿ ಸಿಕ್ಕಿಕೊಂಡಿತ್ತು, ಬಿಸಿಲಿಗೆ ಅರ್ಧ ಬಿಳಿಚಿಕೊಂಡಿತ್ತು. ಅದು ನನ್ನ ನೀಲಿ ವಾಯಿಲ್ ಸೀರೆಯ ಅಂಚು! ಆ ಸೀರೆ ಹರಿದದ್ದಕ್ಕೆ ಇಲಿಗೆ ಹಿಡಿಶಾಪ ಹಾಕಿದ್ದೆ ನಾನು. ಇಲಿಬೋನು ಬೇರೆ ತರಿಸಿದ್ದೆ. ಅವರೇ ತಂದುಕೊಟ್ಟಿದ್ದರು, ಕಳ್ಳ!

ನಗಲೋ ಅಳಲೋ ತಿಳಿಯಲಿಲ್ಲ, ಎರಡೂ ಆಯಿತು. ನಲವತ್ತು ವರ್ಷ ಆಕಾಶ ನೋಡದೆ ನೆಲ ಕಾದ ಮನುಷ್ಯನಿಗೆ ಒಳಗೆ ಇಂಥದ್ದೊಂದು ಆಸೆ ಇತ್ತೆಂದು ನನಗೆ ಗೊತ್ತೇ ಆಗಲಿಲ್ಲ. ನನ್ನನ್ನು ಬಿಟ್ಟು ಒಬ್ಬರೇ ಆಡಿಬಿಟ್ಟರಲ್ಲ ಅಂತ ಹೊಟ್ಟೆಕಿಚ್ಚೂ ಆಯಿತು.

"ಮುಖ್ಯವಾದ್ದು ಇನ್ನೂ ಇದೆ," ಅಂತ ಭಾಗೀರಥಿ ದನಿ ತಗ್ಗಿಸಿದಳು. ಓಟದ ಹೆಜ್ಜೆಗಳೆಲ್ಲ ಒಂದು ಕಡೆ ಬಂದು, ಅರ್ಧ ವೃತ್ತವಾಗಿ ಬಳಸಿ ಆಚೆ ಹೋಗಿದ್ದವು. ನಡುವಿನ ಜಾಗದಲ್ಲಿ ಒಂದು ಗುರುತೂ ಇರಲಿಲ್ಲ. ಅಲ್ಲಿ ಕಲ್ಲುಗಳ ನಡುವೆ ಟಿಟ್ಟಿಭವೊಂದು ಕಾವಿಗೆ ಕೂತಿತ್ತು. ನಮ್ಮನ್ನು ಕಂಡು ಎದ್ದು ನಾಲ್ಕು ಹೆಜ್ಜೆ ಓಡಿ ಬೈಯತೊಡಗಿತು. ಚುಕ್ಕೆ ಚುಕ್ಕೆಯ ನಾಲ್ಕು ಮೊಟ್ಟೆ ಇದ್ದವು. ಹೋದ ವರ್ಷವೂ ಅಲ್ಲೇ ಇಟ್ಟಿರಬೇಕು. ಆಕಾಶ ನೋಡಿಕೊಂಡು ಓಡುವಾಗಲೂ ಅವರ ಕಾಲು ಗೂಡನ್ನು ಮರೆತಿರಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಸಂಜೆ ಬುಡೇನ್ ಸಾಬರ ಅಂಗಡಿಗೆ ನಾನೇ ಹೋದೆ. ಅಂಗಡಿಯ ತುಂಬ ಬಿದಿರು ಕಡ್ಡಿ, ಬಣ್ಣದ ಕಾಗದ. ನೀಲಿ ಪಟ್ಟಿಯನ್ನು ಅವರ ಮುಂದೆ ಇಟ್ಟೆ.

ಸಾಬರು ಅಂಟಿನ ಕೈ ಒರೆಸಿಕೊಂಡು ಅದನ್ನು ಎತ್ತಿ ನೋಡಿದರು. "ಬಾಲಂಗೋಚಿ ತಾನೇ ಹಾಕ್ಕೊಳ್ತೀನಿ ಅಂದಿದ್ರು. ಗಾಜು ಹಚ್ಚಿದ ಮಾಂಜಾ ಬೇಡ, ಹಕ್ಕಿ ಕುತ್ತಿಗೆಗೆ ಸಿಕ್ಕುತ್ತೆ, ಬರೀ ನೂಲು ಕೊಡಿ ಅಂದ್ರು. ಯಾರಿಗೂ ಹೇಳಬೇಡಿ ಸಾಬ್ರೆ ಅಂತ ಕೈ ಹಿಡ್ಕೊಂಡ್ರು. ಹೇಳ್ಲಿಲ್ಲ."

"ವರ್ಷದಿಂದ ನಿಮ್ಮನ್ನ ಬೈತಾ ಇದೀನಲ್ರೀ. ಯಜಮಾನ್ರು ಒಪ್ತಿದ್ರಾ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದೀನಿ. ಆಗಾದ್ರೂ ಬಾಯಿ ಬಿಡಬಾರದಿತ್ತಾ?"

"ಮಾತು ಕೊಟ್ಟಿದ್ದೆನಲ್ಲ ಅಕ್ಕಾ." ಅಷ್ಟೇ ಹೇಳಿ ನನಗೆ ಚಹಾ ತರಿಸಿದರು. ಚಹಾ ಕುಡಿಯುತ್ತ ನನಗೆ ತಲೆ ಎತ್ತಲಾಗಲಿಲ್ಲ.

ಭಾನುವಾರ ಹುಣಿಸೆಮರದ ಕೆಳಗೆ ಊರು ಸೇರಿತು. ಸುದ್ದಿ ಅಷ್ಟರಲ್ಲಿ ಮನೆಮನೆಗೂ ಹೋಗಿತ್ತು. ನಾನು ಹೆದರಿದ ಮಾತೇ ಮೊದಲು ಬಂತು. ವಾಕಿಂಗಿನವರಲ್ಲಿ ಒಬ್ಬರು, "ಭದ್ರಯ್ಯನೋರೇ ಇಳಿದ ಮೇಲೆ ನಾವೂ ಇಳೀಬಹುದಲ್ಲ ಮಂಗಳಮ್ಮ? ನಮಗೊಂದು ಓಡೋ ದಾರಿ ಮಾಡ್ಕೊಡಿ" ಅಂದರು. ನಾಲ್ಕು ಜನ ಹೌದು ಹೌದು ಅಂದರು.

ಮೂರು ದಿನದಿಂದ ಯೋಚಿಸಿದ್ದೆ. ಎದ್ದು ನಿಂತೆ. "ಇಳೀರಿ, ಯಾರು ಬೇಡ ಅಂದ್ರು? ಆದ್ರೆ ಹೆಜ್ಜೆ ಇದ್ದಲ್ಲೇ ಹೆಜ್ಜೆ. ಅವರು ಓಡಿದ ಕಡೆ ಓಡಿ, ತಿರುಗಿದ ಕಡೆ ತಿರುಗಿ, ಗೂಡು ಬಳಸಿದ ಕಡೆ ಬಳಸಿ. ಒಂದೊಂದೇ ಗಾಳಿಪಟ, ಒಬ್ಬೊಬ್ರೇ, ಬರೀ ನೂಲು. ಅವರ ಹೆಜ್ಜೆ ಬಿಟ್ಟು ಒಂದು ಬೆರಳು ಆಚೆ ಬಿದ್ರೂ ಮೂರು ದಿನ ನಾನು ಮಾತಾಡ್ಸಲ್ಲ." ಇಷ್ಟು ಹೇಳಿ, ಬುಡೇನ್ ಸಾಬರ ಕಡೆ ನೋಡದೆ, "ಈಗಲ್ಲ. ಮೊಟ್ಟೆ ಒಡೆದು ಮರಿ ಎದ್ದು ಆಚೆ ಹೋಗ್ಲಿ. ಅದನ್ನ ಹೇಳೋದು ಮಕ್ಕಳ ಕೆಲಸ" ಅಂದೆ. ಯಾರೂ ಎದುರಾಡಲಿಲ್ಲ. ಆಡಿದ್ದರೂ ನಾನು ಬಿಡುತ್ತಿರಲಿಲ್ಲ.

ಆಮೇಲೆ ಊರಿಗೆ ಊರೇ ಒಂದು ಹಕ್ಕಿಯ ನಾಲ್ಕು ಮೊಟ್ಟೆ ಕಾಯುತ್ತ ಕೂತಿತು. ಒಂದು ಗುರುವಾರ ಕಳೆಯಿತು, ಇನ್ನೊಂದು ಕಳೆಯಿತು. ಮಕ್ಕಳು ದಿಬ್ಬದ ಮೇಲೆ ಅಜ್ಜನ ಹೆಜ್ಜೆಯಲ್ಲಿ ನಿಂತು ದೂರದಿಂದ ನೋಡಿ ಬಂದು, "ಇನ್ನೂ ಇಲ್ಲ" ಅನ್ನುತ್ತಿದ್ದರು. ಆಷಾಢ ಮುಗಿಯುತ್ತ ಬಂತು. ಬುಡೇನ್ ಸಾಬರು ದಿನಾ ಅಂಗಡಿ ಮುಂದೆ ಬೆರಳು ಒದ್ದೆ ಮಾಡಿ ಗಾಳಿ ನೋಡುವುದು, ನಿಟ್ಟುಸಿರು ಬಿಡುವುದು. ಮೂರನೇ ಗುರುವಾರ ಭಾಗೀರಥಿ ದಾರಿಯ ಮೇಲೆ ಓಡಲೂ ಆಗದೆ, ಕೂಗಲೂ ಆಗದೆ, ಮುಖ ಕೆಂಪಗೆ ಮಾಡಿಕೊಂಡು ಗೇಟಿನವರೆಗೆ ಬಂದು, ಕಬಡ್ಡಿ ನೆಲಕ್ಕೆ ಕಾಲಿಟ್ಟ ತಕ್ಷಣ, "ನಾಲ್ಕೂ ಒಡೆದಿದೆ! ಮರಿ ಓಡ್ತಾ ಇವೆ!" ಅಂತ ಅರಚಿದಳು. ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಆ ಭಾನುವಾರ, ಆಷಾಢದ ಕೊನೆಯದು, ಗಾಳಿ ಇನ್ನೂ ಇತ್ತು. ಹಕ್ಕಿ ಮರಿಗಳನ್ನು ಕರೆದುಕೊಂಡು ಹೊಂಡದ ಕಡೆ ಹೋಗಿತ್ತು. ಮೊದಲ ಪಟ ಬುಡೇನ್ ಸಾಬರದ್ದು. ಅರವತ್ತೈದರ ಮನುಷ್ಯ ನಮ್ಮ ಯಜಮಾನರ ಹೆಜ್ಜೆಯಲ್ಲಿ ನಿಂತರು, ಓಡಿದರು, ತಿರುಗಿದರು, ಹಿಂದಿಂದಕ್ಕೆ ನಡೆದರು. ಕೂತ ಗುರುತಿನ ಹತ್ತಿರ ಬಂದಾಗ ನಿಯಮದಂತೆ ಧೊಪ್ಪನೆ ಕೂತರು. ದಿಬ್ಬದ ಮೇಲೆ ಯಜಮಾನರ ಹೆಜ್ಜೆಗಳಲ್ಲೇ ಸಾಲಾಗಿ ನಿಂತಿದ್ದ ಊರು ಸೆರಗಿನಲ್ಲಿ, ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿತು. ಆಮೇಲೆ ಓಡುವ ದಾರಿ ಕೇಳಿದವರು ಓಡಿ ಬಿದ್ದರು. ಫಿಲೋಮಿನಾ ಟೀಚರು ಬಿದ್ದರು, ಮಕ್ಕಳಂತೂ ಬೀಳುವುದಕ್ಕೇ ಕಾದು ನಿಂತಿದ್ದರು. ಎಲ್ಲರೂ ಅದೇ ಜಾಗದಲ್ಲಿ ಬಿದ್ದರು, ಎಲ್ಲರೂ ಗೂಡಿನ ಜಾಗವನ್ನು ಬಳಸಿ ಹೋದರು. ಒಂದು ಹುಲ್ಲೂ ಹೆಚ್ಚಿಗೆ ಮುರಿಯಲಿಲ್ಲ.

ಕೊನೆಗೆ ಸಾಬರು ಒಂದು ಪಟವನ್ನು ನನ್ನ ಕೈಗೆ ಕೊಟ್ಟರು. ಬಾಲಂಗೋಚಿಗೆ ನೀಲಿ ಪಟ್ಟಿ ಕಟ್ಟಿದ್ದರು. "ಬೇಡ್ರೀ, ಮಂಡಿ ನೋವು" ಅಂದೆ. ಕೈ ಮಾತ್ರ ನೂಲಿನ ಉಂಡೆ ಬಿಡಲಿಲ್ಲ. ಓಡುವ ಕಡೆ ಬಿರುಸಾಗಿ ನಡೆದೆ. ತಿರುಗುವ ಕಡೆ ತಿರುಗಿದೆ. ನೂಲು ಕೈಯಲ್ಲಿ ಎಳೆಯುತ್ತಿತ್ತು, ಮೇಲೆ ನೋಡಿದೆ, ಬಯಲಿನಲ್ಲಿ ನಿಂತು ನಾನು ಆಕಾಶ ನೋಡಿದ್ದು ಅದೇ ಮೊದಲು. ಎಷ್ಟು ದೊಡ್ಡದಿತ್ತು! ಕೂತ ಗುರುತಿನಲ್ಲಿ ಕೂತೆ, ಅವರ ಅಂಗೈ ಗುರುತಿನಲ್ಲಿ ಒಂದು ಅಂಗೈ ಊರಿದೆ. ಇಲ್ಲಿ ಬಿದ್ದಾಗ ಅವರು ನಕ್ಕಿರಬೇಕು. ಒಬ್ಬರೇ ನಕ್ಕಿರಬೇಕು. ಎದ್ದೇಳುವಾಗ ಏನೆನ್ನಿಸಿತೋ, ಅವರ ಹೆಜ್ಜೆಯ ಪಕ್ಕ, ಯಾರೂ ತುಳಿಯದ ಹುಲ್ಲಿನ ಮೇಲೆ, ನನ್ನ ಬಲಗಾಲನ್ನು ಬೇಕೆಂದೇ ಇಟ್ಟೆ. ಒಂದೇ ಒಂದು, ಅವರದ್ದಕ್ಕೆ ಒತ್ತಿಕೊಂಡ ಹಾಗೆ.

ದಿಬ್ಬದ ಮೇಲಿಂದ "ಮಂಗಳಮ್ಮಾ!" ಅಂತ ಟೀಚರು ಪಿಸುಗುಟ್ಟಿದ್ದು ಕೇಳಿಸಿತು. "ಗೊತ್ತಿದೆ ಸುಮ್ನಿರಿ, ಮೂರು ದಿನ ನನ್ನನ್ನ ಮಾತಾಡಿಸ್ಬೇಡಿ" ಅಂದೆ. ಒಂದು ವರ್ಷ ನಗಲಿ ಎಲ್ಲರೂ, ಆಮೇಲೆ ಅಳಿಯಲಿ ಅಂದುಕೊಂಡು ದಿಬ್ಬ ಹತ್ತಿ ತಿರುಗಿ ನೋಡಿದೆ. ನನ್ನ ನಂತರದ ಸರದಿ ಭಾಗೀರಥಿಯದು. ಅವಳು ಪಟ ಹಿಡಿದು ಓಡಿ ಬಂದು, ಬಿದ್ದು, ಎದ್ದು, ಅಜ್ಜನ ಹೆಜ್ಜೆಯ ಪಕ್ಕ ನೋಡಿದಳು. ಹೆಜ್ಜೆ ಇತ್ತು. ತನ್ನ ಪುಟ್ಟ ಬಲಗಾಲನ್ನು ಎತ್ತಿ ಅದರೊಳಗೆ ಇಟ್ಟು ಮುಂದೆ ಓಡಿದಳು.